ಬೀಡು ಬಿಡುವ ಮುನ್ನ

ಬೇಸಿಗೆಯ ರಜ ಸಮೀಪಿಸಿತೆಂದರೆ ನಮ್ಮ ಪಟ್ಟಣಗಳ ಮನೆಮನೆಯಲ್ಲೂ ಒಂದು ಬಗೆಯ ಚಡಪಡಿಕೆ ಹುಟ್ಟುತ್ತದೆ. ಹಿಂದೆ ಅದು ಅಜ್ಜಿಯ ಊರಿಗೆ ಹೋಗುವ ಚಡಪಡಿಕೆಯಾಗಿತ್ತು. ಈಗ ಕಾಡಿಗೆ ಹೋಗುವ ಚಡಪಡಿಕೆ. ನಾಗರಹೊಳೆಯೋ ಬಂಡೀಪುರವೋ ಬಿಳಿಗಿರಿರಂಗನ ಬೆಟ್ಟವೋ, ಎಲ್ಲಿಯಾದರೂ ಒಂದು ಕಡೆ ಡೇರೆ ಹೊಡೆದು, ಬೆಂಕಿಯ ಸುತ್ತ ಕುಳಿತು, ನಡುರಾತ್ರಿಯಲ್ಲಿ ಆನೆಯ ಘೀಳನ್ನು ಕೇಳಬೇಕೆಂಬ ಆಸೆ. ನನ್ನ ವಿದ್ಯಾರ್ಥಿಗಳೂ ಇದಕ್ಕೆ ಹೊರತಲ್ಲ. ಇಂಥ ಪ್ರವಾಸಕ್ಕೆಂದು ಅವರು ಬರೆದ ಸಾಮಾನಿನ ಪಟ್ಟಿಗಳನ್ನು ನನಗೆ ತೋರಿಸುವುದುಂಟು: ಡೇರೆ, ಟಾರ್ಚು, ಹಗ್ಗ, ಬೆಂಕಿಪೆಟ್ಟಿಗೆ, ಕ್ಯಾಮೆರಾ, ಸೊಳ್ಳೆಗೆ ಮುಲಾಮು, ಒಗ್ಗರಣೆ ಹಾಕಿದ ಅವಲಕ್ಕಿ. ಕನ್ನಡ ಪಾಠ ಹೇಳುವವನಿಗೆ ಯಾವ ಬರಹ ಕೈಗೆ ಸಿಕ್ಕಿದರೂ ಅರ್ಥ ಬಿಡಿಸುವ ಚಟ. ಈ ಪಟ್ಟಿಗಳನ್ನು ಓದುತ್ತ ನನಗೆ ತೋರಿದ್ದು ಇಷ್ಟು: ಕಾಡಿಗೆ ಹೊರಟವನು ಏನನ್ನು ಹೊತ್ತು ಹೊರಟಿದ್ದಾನೆ ಎಂಬುದರಿಂದ, ಅವನು ಆ ಕಾಡನ್ನು ಯಾರದೆಂದು ಬಗೆದಿದ್ದಾನೆ ಎಂಬುದು ತಿಳಿಯುತ್ತದೆ. ಮೈಸೂರು ಸೀಮೆಯ ತೆಂಕಣ ಕಾಡುಗಳಿಗೆ ಸಾವಿರ ವರ್ಷಗಳಿಂದ ಹೋಗಿ ಬಂದವರ ಪಟ್ಟಿಗಳನ್ನು ಒಂದರ ಪಕ್ಕದಲ್ಲಿ ಒಂದಿಟ್ಟು ನೋಡಿದರೆ ಅಲ್ಲಿ ಒಂದು ಚರಿತ್ರೆಯೇ ಇದೆ.

ಮೊದಲು ಮಾತನ್ನೇ ನೋಡೋಣ. ಕೆಡು ಎಂಬುದರಿಂದ ಕೇಡು ಆದಂತೆ, ಬಿಡು ಎಂಬುದರಿಂದ ಬೀಡು ಆಯಿತು. ಎತ್ತಿನ ಕೊರಳಿನ ನೊಗವನ್ನೂ ಬೆನ್ನಿನ ಹೊರೆಯನ್ನೂ ಬಿಟ್ಟು ನಿಂತ ಸ್ಥಳವೇ ಬೀಡು. ದೊರೆಗಳು ಎಲ್ಲಿ ಬಹುಕಾಲ ನಿಂತು ರಾಜ್ಯವಾಳಿದರೋ ಅದನ್ನು ನಮ್ಮ ಶಾಸನಗಳು ನೆಲೆವೀಡು ಎನ್ನುತ್ತವೆ. ನೆಲೆಯೂ ಹೌದು, ಬೀಡೂ ಹೌದು. ನಿಂತದ್ದೂ ಹೌದು, ಹೊರಡತಕ್ಕದ್ದೂ ಹೌದು. ಆಮೇಲೆ ಪಾಳೆಯ ಬಂತು, ಅದರ ಹಿಂದೆ ಪಾಳೆಯಗಾರರು ಬಂದರು. ಅರಬ್ಬಿಯಿಂದ ಮೊಕ್ಕಾಂ ಬಂತು, ಇಂಗ್ಲಿಷಿನಿಂದ ಕ್ಯಾಂಪು ಬಂತು. ಈ ಮಾತುಗಳೆಲ್ಲ ಹೊರಗಿನಿಂದ ಬಂದು ಹೋಗುವವನ ಮಾತುಗಳು. ಕಾಡಿನಲ್ಲೇ ಹುಟ್ಟಿ ಬೆಳೆದವರು ತಮ್ಮ ವಾಸಸ್ಥಳಕ್ಕೆ ಹೇಳುವ ಹೆಸರು ಬೇರೆ, ಅದು ಹಾಡಿ. ಈ ಕಾಡಿನ ಚರಿತ್ರೆಯೆಲ್ಲ ಬೀಡಿಗೂ ಹಾಡಿಗೂ ನಡುವಣ ಸಂಬಂಧದ ಚರಿತ್ರೆ ಎಂದರೆ ತಪ್ಪಾಗಲಾರದು.

ತಲಕಾಡಿನ ಗಂಗರ ಲಾಂಛನವೇ ಆನೆ. ಆ ವಂಶದ ಇಮ್ಮಡಿ ಶಿವಮಾರ ಆನೆಯ ಶಾಸ್ತ್ರವನ್ನು ಬಲ್ಲವನು. ಅವನು ಬರೆದ ‘ಗಜಾಷ್ಟಕ’ವನ್ನು ಹೆಂಗಸರು ಒನಕೆಯ ಹಾಡಾಗಿ ಹಾಡುತ್ತಿದ್ದರೆಂದು ಪ್ರತೀತಿ. ಆ ಕೃತಿ ನಮಗೆ ದೊರೆತಿಲ್ಲ; ಕನ್ನಡಕ್ಕೆ ಇದು ಸಣ್ಣ ನಷ್ಟವಲ್ಲ. ಬತ್ತ ಕುಟ್ಟುವ ಕೈಗಳ ಲಯಕ್ಕೆ ಆನೆಯ ಲಕ್ಷಣಗಳು ಸೇರಿಹೋಗುವಷ್ಟು ಕಾಡು ಅಂದಿನ ಊರಿಗೆ ಹತ್ತಿರವಾಗಿತ್ತು. ಬೇಟೆಯ ಬೀಡಿನ ಅತ್ಯುತ್ತಮ ದಾಖಲೆಯೊಂದು ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ದೊರೆತ ಕಲ್ಲು. ಕ್ರಿ.ಶ. 949-50ರ ಆ ಶಾಸನದ ಕಥೆ ಹೀಗಿದೆ: ತಕ್ಕೋಲದ ಕಾಳಗದಲ್ಲಿ ಶೌರ್ಯ ಮೆರೆದ ಮಣಲೆರನಿಗೆ ಗಂಗ ದೊರೆ ಬೂತುಗ ಮೆಚ್ಚಿ, ಬೇಕಾದುದನ್ನು ಕೇಳು ಎಂದ. ಆ ವೀರ ಊರನ್ನು ಕೇಳಲಿಲ್ಲ, ಹೊನ್ನನ್ನು ಕೇಳಲಿಲ್ಲ. ಕಾಳಿ ಎಂಬ ನಾಯಿಯನ್ನು ಕೇಳಿದ. ಆ ನಾಯಿಯನ್ನು ಕಾಡುಹಂದಿಯ ಮೇಲೆ ಬಿಟ್ಟಾಗ ಹಂದಿಯೂ ನಾಯಿಯೂ ಕಾದಾಡಿ ಒಟ್ಟಿಗೆ ಸತ್ತುವು. ನಾಯಿಯ ನೆನಪಿಗೆ ಕಲ್ಲು ನಿಂತಿತು. ಅಂದಿನ ಪಟ್ಟಿಯಲ್ಲಿ ನಾಯಿ, ಬಲೆ, ಈಟಿ ಇದ್ದುವು. ಆದರೆ ಬೇಟೆಗಾರನ ಪ್ರಾಣಕ್ಕೂ ಮೃಗದ ಪ್ರಾಣಕ್ಕೂ ಅಪಾಯ ಸರಿಸಮವಾಗಿತ್ತು. ಹಂದಿಯನ್ನು ಕೊಂದ ನಾಯಿಯ ಜೊತೆಗೆ ನಾಯಿಯನ್ನು ಕೊಂದ ಹಂದಿಗೂ ಅದೇ ಕಲ್ಲಿನಲ್ಲಿ ಜಾಗ ಸಿಕ್ಕಿತು.

ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ‘ಮಾನಸೋಲ್ಲಾಸ’ವನ್ನು ಸಂಸ್ಕೃತದಲ್ಲಿ ಬರೆದ. ಆನೆಯನ್ನು ಹಿಡಿಯುವ ಬಗೆಗಳು ಅದರಲ್ಲಿ ವಿವರವಾಗಿವೆ: ದೊಡ್ಡಿ ಕಟ್ಟಿ ಕೂಡುವುದು, ಪಳಗಿದ ಹೆಣ್ಣಾನೆಯನ್ನು ಮುಂದಿಟ್ಟು ಒಲಿಸುವುದು, ಗುಂಡಿಯಲ್ಲಿ ಕೆಡಹುವುದು. ಕಾಡು ಅರಮನೆಯ ಉಗ್ರಾಣಗಳಲ್ಲಿ ಒಂದು ಎಂಬ ಭಾವನೆ ಆ ವೇಳೆಗೆ ನೆಲೆಗೊಂಡಿತ್ತು. ಯುದ್ಧಕ್ಕೆ ಆನೆ ಬೇಕು, ಆನೆಗೆ ಕಾಡು ಬೇಕು.

ಇನ್ನು ಕಾಲವನ್ನು ದಾಟಿ 1800ಕ್ಕೆ ಬರೋಣ. ಹಿಂದಿನ ವರ್ಷ ಶ್ರೀರಂಗಪಟ್ಟಣ ಬಿದ್ದಿತ್ತು. ಗೆದ್ದ ನಾಡಿನಲ್ಲಿ ಏನೇನು ಇದೆ ಎಂದು ತಿಳಿಯಲು ಕಂಪೆನಿಯವರು ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನನ್ನು ಕಳುಹಿದರು. ಮೈಸೂರು, ಕನ್ನಡ ಜಿಲ್ಲೆ, ಮಲಬಾರುಗಳಲ್ಲಿ ಅವನು ಮಾಡಿದ ಪ್ರಯಾಣದ ವರದಿ 1807ರಲ್ಲಿ ಮೂರು ಸಂಪುಟಗಳಾಗಿ ಹೊರಬಂತು. ಹೆಗ್ಗಡದೇವನಕೋಟೆಯ ಕಡೆಗೂ ಹೋದ ಅವನು ಕಾಡುಕುರುಬರ ವಿಚಾರವನ್ನು ಬರೆದಿಟ್ಟಿದ್ದಾನೆ. ಬುಕಾನನ್ನನ ಸಾಮಾನುಗಳಲ್ಲಿ ಮುಖ್ಯವಾದದ್ದು ಬಂದೂಕವಲ್ಲ, ಪ್ರಶ್ನೆ. ಏನು ಬೆಳೆಯುತ್ತೀರಿ? ಎಷ್ಟು ಕಂದಾಯ ಕೊಡುತ್ತೀರಿ? ಯಾವ ಮರ ಯಾವ ಕೆಲಸಕ್ಕೆ ಬರುತ್ತದೆ? ಕಾಡಿನವರನ್ನು ಕೇಳಿ ಬರೆದುಕೊಂಡವರಲ್ಲಿ ಅವನು ಮೊದಲಿಗರ ಸಾಲಿಗೆ ಸೇರಿದವನು. ಆದರೆ ಕೇಳಿದ್ದು ಅವರಿಗೆ ಏನು ಬೇಕೆಂದು ಅಲ್ಲ, ಅವರಿಂದ ಏನು ದೊರೆಯುತ್ತದೆ ಎಂದು.

ಅವನ ಹಿಂದಿನಿಂದ ಬಂದವನು ಜಿ. ಪಿ. ಸ್ಯಾಂಡರ್ಸನ್. ಮೈಸೂರಿನ ನಾಲೆಗಳ ಮೇಲ್ವಿಚಾರಣೆ ಅವನ ಉದ್ಯೋಗ; ಆನೆ ಅವನ ಹುಚ್ಚು. ಕನ್ನಡ ಕಲಿತಿದ್ದ. ಹಿಂದೆ ಹೈದರಾಲಿ ಕಾಕನಕೋಟೆಯ ಕಾಡಿನಲ್ಲಿ ಆನೆ ಹಿಡಿಯಲು ಯತ್ನಿಸಿ ಸೋತು, ಮುಂದೆ ಯಾರಿಗೂ ಇದು ಸಾಧ್ಯವಾಗದೆಂದೂ, ಯತ್ನಿಸಿದವರಿಗೆ ಶಾಪವೆಂದೂ ಕಲ್ಲಿನಲ್ಲಿ ಕೊರೆಯಿಸಿದ್ದನೆಂದು ಸ್ಯಾಂಡರ್ಸನ್ನನೇ ಬರೆದಿದ್ದಾನೆ. ಆ ಶಾಪಕ್ಕೆ ಹೆದರದೆ ಅವನು ಸರ್ಕಾರದ ಒಪ್ಪಿಗೆ ಪಡೆದು, 1874ರಲ್ಲಿ ಚಾಮರಾಜನಗರದ ಹತ್ತಿರ ಮೊದಲ ಖೆಡ್ಡಾವನ್ನು ಯಶಸ್ವಿಯಾಗಿ ನಡೆಸಿದ. 1878ರಲ್ಲಿ ಹೊರಬಂದ ಅವನ ಪುಸ್ತಕ ಭಾರತದ ಕಾಡುಮೃಗಗಳ ನಡುವೆ ಕಳೆದ ಹದಿಮೂರು ವರ್ಷಗಳ ಕಥನ. ಅದನ್ನು ಓದುವಾಗ ಅವನ ಧೈರ್ಯವನ್ನು ಮೆಚ್ಚದಿರಲಾರೆವು. ಆದರೆ ಕಾಡಿನ ಹೆಜ್ಜೆ ಹಿಡಿದು ಅವನನ್ನು ಕರೆದೊಯ್ದವರು ಹಳ್ಳಿಯವರು ಮತ್ತು ಸೋಲಿಗರು. ಗುಂಡು ಅವನದು, ಹೆಜ್ಜೆಗುರುತಿನ ವಿದ್ಯೆ ಅವರದು. ಬೀಡು ಬಿಟ್ಟವನ ಹೆಸರು ಪುಸ್ತಕದ ಮೇಲೆ ನಿಂತಿತು. ದಾರಿ ತೋರಿಸಿದವರು ಪುಸ್ತಕದ ಒಳಗೆ ಉಳಿದರು.

ಅನಂತರ ಕಾಕನಕೋಟೆಯಲ್ಲಿ ಕಪಿಲಾ ನದಿಯ ದಂಡೆಯ ಮೇಲೆ ನಡೆದ ಖೆಡ್ಡಾಗಳು ಜಗತ್ಪ್ರಸಿದ್ಧವಾದುವು. 1889ರಲ್ಲಿ ರಾಜಕುಮಾರ ಆಲ್ಬರ್ಟ್ ವಿಕ್ಟರ್ ಬಂದ. 1906ರಲ್ಲಿ ಮುಂದೆ ಐದನೆಯ ಜಾರ್ಜ್ ಆದ ಯುವರಾಜ ಬಂದ. ಒಂದು ಖೆಡ್ಡಾಕ್ಕೆ ಬೇಕಾದ ಸಿದ್ಧತೆಯನ್ನು ನೆನೆದರೆ ನಮ್ಮ ಪ್ರವಾಸದ ಪಟ್ಟಿಗಳು ನಗೆಪಾಟಲಾಗುತ್ತವೆ. ತಿಂಗಳುಗಟ್ಟಲೆ ಮೊದಲೇ ದೊಡ್ಡ ದೊಡ್ಡ ದಿಮ್ಮಿಗಳನ್ನು ನೆಟ್ಟು ದೊಡ್ಡಿ ಕಟ್ಟಬೇಕು. ಹಿಂಡು ಎಲ್ಲಿದೆಯೆಂದು ಕುರುಬರು ಪತ್ತೆ ಮಾಡಬೇಕು. ಅದರ ಸುತ್ತ ಕಾವಲು ನಿಲ್ಲಿಸಿ, ರಾತ್ರಿಯೆಲ್ಲ ಬೆಂಕಿ ಉರಿಸಿ, ತಮಟೆ ಬಡಿದು, ಹಿಂಡನ್ನು ನದಿಯ ಕಡೆಗೆ ತರಬೇಕು. ಪಳಗಿದ ಆನೆಗಳು ಎರಡೂ ಪಕ್ಕದಲ್ಲಿ ನಿಂತು ಹಿಂಡನ್ನು ನೀರು ದಾಟಿಸಬೇಕು. ಎದುರು ದಡದಲ್ಲಿ ಹಿಂಡು ಬಾಗಿಲೊಳಗೆ ನುಗ್ಗಿದೊಡನೆ ಬಾಗಿಲು ಬೀಳಬೇಕು. ಆಮೇಲೆ ಹಗ್ಗದವರು ಒಳಹೊಕ್ಕು ಕಾಲಿಗೆ ಕುಣಿಕೆ ಹಾಕಬೇಕು. ಇದು ಪ್ರಾಣವನ್ನು ಒತ್ತೆಯಿಟ್ಟು ಮಾಡುವ ಕೆಲಸ. ಅಷ್ಟರಲ್ಲಿ ಕಾರಾಪುರದ ಬೀಡಿನಲ್ಲಿ ಅತಿಥಿಗಳಿಗೆ ಉಪಾಹಾರವಾಗಿ, ಬಿದಿರ ತಡಿಕೆಯ ಮರೆಯ ಅಟ್ಟಣೆಗಳಲ್ಲಿ ಅವರು ಕುಳಿತಿರುತ್ತಿದ್ದರು. ಸೆರೆಸಿಕ್ಕ ಆನೆಗಳೆಲ್ಲ ಬದುಕುತ್ತಿರಲಿಲ್ಲ. ಗಾಯದಿಂದಲೂ ಎದೆಯೊಡೆದೂ ಹಲವು ಸಾಯುತ್ತಿದ್ದುವು. ಬದುಕಿದವು ಹರಾಜಿಗೆ, ಮರ ಎಳೆಯುವುದಕ್ಕೆ, ದೇವಾಲಯಗಳಿಗೆ, ಮೆರವಣಿಗೆಗಳಿಗೆ ಹೋಗುತ್ತಿದ್ದುವು.

ಈ ಕಾರಾಪುರದಲ್ಲೇ 1924ರಲ್ಲಿ ಒಬ್ಬ ಮಾವುತನ ಮಗನಾಗಿ ಸಾಬು ಹುಟ್ಟಿದ. ರಾಬರ್ಟ್ ಫ್ಲಾಹರ್ಟಿ ಎಂಬ ಚಿತ್ರನಿರ್ಮಾಪಕ ತನ್ನ ಬಳಗದೊಡನೆ ಮೈಸೂರಿಗೆ ಬಂದು ಬೀಡುಬಿಟ್ಟಾಗ ಆ ಹುಡುಗನನ್ನು ಆರಿಸಿಕೊಂಡ. 1937ರಲ್ಲಿ ‘ಎಲಿಫೆಂಟ್ ಬಾಯ್’ ಚಿತ್ರ ತೆರೆಗೆ ಬಂತು. ಸಾಬು ಲಂಡನ್ನಿಗೆ, ಅಲ್ಲಿಂದ ಹಾಲಿವುಡ್ಡಿಗೆ ಹೋದ. ಕಾಡಿನ ಅಂಚಿನ ಒಬ್ಬ ಬಾಲಕನ ಮುಖವನ್ನು ಲೋಕವೆಲ್ಲ ಕಂಡಿತು. ಕನ್ನಡದಲ್ಲಿ ಮಾಸ್ತಿಯವರು ‘ಕಾಕನಕೋಟೆ’ ನಾಟಕದಲ್ಲಿ ಕಾಡುಕುರುಬರನ್ನು ರಂಗದ ನಡುವೆ ನಿಲ್ಲಿಸಿದರು, 1977ರಲ್ಲಿ ಸಿ. ಆರ್. ಸಿಂಹ ಅದನ್ನು ಚಲನಚಿತ್ರವಾಗಿಸಿದರು. ಅಟ್ಟಣೆಯ ಮೇಲೆ ಕುಳಿತು ಕಾಣಲಾಗದ ಮನುಷ್ಯರನ್ನು ಮಾಸ್ತಿಯವರು ನೆಲದ ಮೇಲೆ ನಿಂತು ಕಂಡರು.

ಖೆಡ್ಡಾಗಳ ಕಾಲದಲ್ಲೇ ಇನ್ನೊಂದು ಆಲೋಚನೆಯೂ ಮೊಳೆಯುತ್ತಿತ್ತು. 1931ರಲ್ಲಿ ಮೈಸೂರು ಮಹಾರಾಜರು ಬಂಡೀಪುರದಲ್ಲಿ 90 ಚದರ ಕಿಲೋಮೀಟರಿನ ಒಂದು ಅಭಯಾರಣ್ಯವನ್ನು ಗೊತ್ತುಮಾಡಿದರು. 1941ರಲ್ಲಿ ಅದು ಸುಮಾರು 800 ಚದರ ಕಿಲೋಮೀಟರಿಗೆ ಬೆಳೆದು, ಹಿಮವದ್ ಗೋಪಾಲಸ್ವಾಮಿ ಬೆಟ್ಟದ ದೇವರ ಹೆಸರಿನಲ್ಲಿ ವೇಣುಗೋಪಾಲ ವನ್ಯಮೃಗ ವಿಹಾರವಾಯಿತು. ಈ ನಡುವೆ, 1939-40ರಲ್ಲಿ, ಸಾಲಿಂ ಅಲಿಯವರು ಸಂಸ್ಥಾನದ ಪಕ್ಷಿಗಳ ಸಮೀಕ್ಷೆ ನಡೆಸಿದರು. ಅಂದಿನ ಪಕ್ಷಿಶಾಸ್ತ್ರಜ್ಞನ ಪಟ್ಟಿಯಲ್ಲಿ ಕೋವಿಯೂ ಇತ್ತು, ದುರ್ಬೀನೂ ಇತ್ತು. ಬರಬರುತ್ತ ಕೋವಿ ಹಿಂದೆ ಸರಿದು ದುರ್ಬೀನು ಮುಂದೆ ಬಂತು. ಕೊಲ್ಲದೆಯೂ ಕಾಡಿನಿಂದ ಏನನ್ನೋ ತರಬಹುದು ಎಂಬುದು ನಮ್ಮ ನಾಡಿಗೆ ಹೊಸ ತಿಳಿವಳಿಕೆಯೇನಲ್ಲ. ಋಷಿಗಳ ಆಶ್ರಮಗಳ ಕಥೆಗಳನ್ನು ಕೇಳಿ ಬೆಳೆದವರು ನಾವು. ಆದರೆ ಸರ್ಕಾರದ ಆಜ್ಞೆಯಾಗಿ ಅದು ಹೊಸದು.

1970ರ ದಶಕದ ಮೊದಲ ವರ್ಷಗಳಲ್ಲಿ ಹಳೆಯ ಪಟ್ಟಿಗಳೆಲ್ಲ ಒಮ್ಮೆಗೇ ಮುಗಿದುವು. 1971ರಲ್ಲಿ ಕಾಕನಕೋಟೆಯ ಕೊನೆಯ ಖೆಡ್ಡಾ ನಡೆಯಿತು. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂತು. 1973ರಲ್ಲಿ ಹುಲಿ ಯೋಜನೆ ಪ್ರಾರಂಭವಾಗಿ ಬಂಡೀಪುರ ಅದರ ಮೊದಲ ಒಂಬತ್ತು ಕಾಡುಗಳಲ್ಲಿ ಒಂದಾಯಿತು. 1974ರಲ್ಲಿ ಬೀಚನಹಳ್ಳಿಯ ಅಣೆಕಟ್ಟು ಮುಗಿದು, ಖೆಡ್ಡಾ ನಡೆದ ನದಿಯ ದಂಡೆಗಳ ಮೇಲೆ ಕಬಿನಿಯ ಹಿನ್ನೀರು ನಿಂತಿತು. ಆನೆಗಳನ್ನು ಅಟ್ಟಿದ ನೆಲದ ಮೇಲೆ ಈಗ ಬೇಸಿಗೆಯಲ್ಲಿ ನೀರು ಇಳಿದು ಎಳೆಹುಲ್ಲು ಚಿಗುರುತ್ತದೆ. ಅದನ್ನು ಮೇಯಲು ನೂರಾರು ಆನೆಗಳು ತಾವಾಗಿಯೇ ಬರುತ್ತವೆ. ಹೈದರನ ಶಾಪ ಕೊನೆಗೆ ಹೀಗೆ ಫಲಿಸಿತೆಂದು ಯಾರಾದರೂ ತಮಾಷೆ ಮಾಡಿದರೆ ನಾನು ಆಕ್ಷೇಪಿಸಲಾರೆ.

ಇಲ್ಲಿಯವರೆಗೆ ಕಥೆ ಒಳ್ಳೆಯದಾಗಿಯೇ ಇದೆ. 2022ರ ಅಂದಾಜಿನಲ್ಲಿ ಕರ್ನಾಟಕದ ಹುಲಿಗಳು 563. ಬಂಡೀಪುರ, ನಾಗರಹೊಳೆಗಳು ದೇಶದ ಹೆಚ್ಚು ಹುಲಿಗಳಿರುವ ಕಾಡುಗಳ ಸಾಲಿನಲ್ಲಿ ನಿಂತಿವೆ. ಕಾಯಿದೆಯಿಲ್ಲದಿದ್ದರೆ ಇದು ಆಗುತ್ತಿರಲಿಲ್ಲ. ಆದರೆ ಅದೇ ಕಾಯಿದೆಯ ಗೆರೆಯೊಳಗೆ ಜೇನುಕುರುಬರ, ಬೆಟ್ಟಕುರುಬರ, ಯರವರ ಹಾಡಿಗಳೂ ಇದ್ದುವು. ಅಣೆಕಟ್ಟಿನ ನೀರಿಗೆ ಕೆಲವರು, ಅಭಯಾರಣ್ಯದ ಗೆರೆಗೆ ಕೆಲವರು ಎಂದು ಎಷ್ಟೋ ಕುಟುಂಬಗಳು ಕಾಡಿನಿಂದ ಹೊರಬಂದುವು. ಹುಣಸೂರು ತಾಲ್ಲೂಕಿನ ನಾಗಾಪುರದಲ್ಲಿ ಸಾಲುಮನೆಗಳೆದ್ದುವು. ಶಾಲೆ, ಆಸ್ಪತ್ರೆ, ಹೊಲ ದೊರೆಯುವುದೆಂದು ಒಪ್ಪಿ ಬಂದವರಿದ್ದಾರೆ. ಹಿರಿಯರ ಸಮಾಧಿಯನ್ನೂ ದೇವರ ಬನವನ್ನೂ ಬಿಟ್ಟು ಬಾರೆವೆಂದು ಒಳಗೇ ಉಳಿದವರಿದ್ದಾರೆ. ಇಬ್ಬರ ಮಾತಿನಲ್ಲೂ ಅರ್ಥವಿದೆ.

ಹಾಡಿಯವರಿಗೆ ಹೊರಡಿ ಎನ್ನುತ್ತಿದ್ದ ಕಾಲದಲ್ಲೇ ನಾಗರಹೊಳೆಯೊಳಗೆ ಪ್ರವಾಸಿಗಳಿಗೆ ವಸತಿಗೃಹ ನಡೆಸಲು ಒಂದು ಹೋಟೆಲು ಸಂಸ್ಥೆಗೆ ಸ್ಥಳವನ್ನು ಗುತ್ತಿಗೆ ಕೊಟ್ಟದ್ದುಂಟು. ಆದಿವಾಸಿಗಳು ಪ್ರತಿಭಟಿಸಿದರು, ನ್ಯಾಯಾಲಯಕ್ಕೆ ಹೋದರು. 1997ರಲ್ಲಿ ಕರ್ನಾಟಕದ ಉಚ್ಚ ನ್ಯಾಯಾಲಯ ಆ ಗುತ್ತಿಗೆ ಕಾನೂನಿಗೆ ವಿರುದ್ಧವೆಂದು ತೀರ್ಪಿತ್ತಿತು. ಹಾಡಿ ಇರಬಾರದು, ಬೀಡು ಇರಬಹುದು ಎಂಬ ನ್ಯಾಯ ನಿಲ್ಲಲಿಲ್ಲ. 2006ರಲ್ಲಿ ಅರಣ್ಯ ಹಕ್ಕುಗಳ ಕಾಯಿದೆ ಬಂದು, ಕಾಡಿನವರಿಗೆ ಕಾಡಿನಲ್ಲಿ ಹಕ್ಕುಂಟೆಂದು ಕಾಗದದ ಮೇಲೆ ಒಪ್ಪಿತು. ಆ ಕಾಗದ ಹಾಡಿಯನ್ನು ತಲಪುವ ದಾರಿ ಉದ್ದವಾದದ್ದು.

ಈ ಚರಿತ್ರೆಯನ್ನು ತಿಳಿದವನು ಈಗ ಪ್ರವಾಸದ ಯೋಜನೆ ಹಾಕುವುದು ಹೇಗೆ? ಕಾಡಿನ ನಡುವೆ ಇಷ್ಟಬಂದಲ್ಲಿ ಡೇರೆ ಹೊಡೆಯುವ ಯೋಚನೆಯನ್ನು ಮೊದಲು ಬಿಡಬೇಕು. ಪರವಾನಗಿಯಿಲ್ಲದೆ ರಾಷ್ಟ್ರೀಯ ಉದ್ಯಾನದೊಳಗೆ ಕಾಲಿಡುವಂತಿಲ್ಲ, ಬೆಂಕಿ ಹೊತ್ತಿಸುವಂತಿಲ್ಲ, ಆಯುಧ ಒಯ್ಯುವಂತಿಲ್ಲ. ಬೆಂಕಿಯ ಮಾತು ಬರಿಯ ನಿಯಮವಲ್ಲ. 2019ರ ಫೆಬ್ರವರಿಯಲ್ಲಿ ಬಂಡೀಪುರದ ಸಾವಿರಾರು ಎಕರೆ ಕಾಡು ಉರಿದುದನ್ನು ನಾವೆಲ್ಲ ಪತ್ರಿಕೆಗಳಲ್ಲಿ ಕಂಡಿದ್ದೇವೆ. ಒಣಗಿದ ಬಿದಿರಿಗೂ ಲಂಟಾನದ ಪೊದೆಗೂ ಒಂದು ಕಡ್ಡಿ ಸಾಕು. ಆದ್ದರಿಂದ ಪಟ್ಟಿಯಲ್ಲಿ ಬೆಂಕಿಪೆಟ್ಟಿಗೆಯ ಹೆಸರನ್ನು ಹೊಡೆದುಹಾಕಬೇಕು. 2009ರಿಂದ ಬಂಡೀಪುರದ ಹೆದ್ದಾರಿಗಳಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಾಮಾನ್ಯ ವಾಹನಗಳಿಗೆ ತಡೆಯಿದೆ. ದೀಪದ ಬೆಳಕಿಗೆ ಕಣ್ಣು ಕೋರೈಸಿ ನಿಂತ ಜಿಂಕೆ ಚಕ್ರಕ್ಕೆ ಸಿಕ್ಕದಿರಲೆಂದು ಮಾಡಿದ ಏರ್ಪಾಡು ಅದು. ಆದ್ದರಿಂದ ಹಗಲಿನಲ್ಲೇ ತಲಪುವಂತೆ ಹೊರಡಬೇಕು. ಇಲಾಖೆ ಅವಕಾಶ ಕೊಟ್ಟ ದಿನ, ಅದು ಗೊತ್ತುಮಾಡಿದ ವಾಹನದಲ್ಲಿ, ಅದು ತೋರಿದ ದಾರಿಯಲ್ಲಿ ಹೋಗಿ ಬರಬೇಕು. ಕಾಡಿನ ಹೊರಗೆ, ಅನುಮತಿ ಪಡೆದ ಸ್ಥಳದಲ್ಲಿ, ತಂಗಬೇಕು. ದುರ್ಬೀನು, ಮಾಸಲು ಬಣ್ಣದ ಬಟ್ಟೆ, ನೀರು, ಒಂದು ಟಿಪ್ಪಣಿ ಪುಸ್ತಕ; ಇಷ್ಟು ಸಾಕು.

“ಹಾಗಾದರೆ ಹಿಂದಿನವರ ಸುಖ ನಮಗಿಲ್ಲವೇ?” ಎಂದು ಕೇಳುವವರುಂಟು. ಕೆನೆತ್ ಆಂಡರ್ಸನ್ನನ ಕಥೆಗಳನ್ನು, ತೇಜಸ್ವಿಯವರು ಅವನ್ನು ಕನ್ನಡಕ್ಕೆ ತಂದ ಚೆಂದದಲ್ಲಿ ಓದಿದವರಿಗೆ ಈ ಪ್ರಶ್ನೆ ಸಹಜ. ಆದರೆ ಆ ಒಂಟಿ ಡೇರೆಯ ಸುಖ ದೊರೆತದ್ದು ಕೆಲವರಿಗೆ ಮಾತ್ರ. ಅದನ್ನು ಹೊತ್ತವರು ಬೇರೆ. ಈಗ ನಾವು ಸಾವಿರಗಟ್ಟಲೆ ಹೊರಟಿದ್ದೇವೆ. ಪ್ರತಿಯೊಬ್ಬನೂ ಒಂಟಿ ಡೇರೆ ಬೇಕೆಂದರೆ ಕಾಡೆಲ್ಲ ಡೇರೆಯೇ ಆದೀತು.

ಇಂದಿಗೂ ಕಾಡಿನ ನಡುವೆ ನಿಜವಾಗಿ ಬೀಡು ಬಿಟ್ಟಿರುವವರು ಇಲ್ಲದಿಲ್ಲ. ಕಳ್ಳಬೇಟೆ ತಡೆಯುವ ಶಿಬಿರಗಳ ಕಾವಲುಗಾರರು ಅವರು. ಸುತ್ತ ಆನೆಗಂದಕ, ನಡುವೆ ಒಂದು ಸಣ್ಣ ಮನೆ. ಅಕ್ಕಿ, ಬೇಳೆ, ಉಪ್ಪು ಹೊತ್ತು ಹೋಗಿ, ದಿನಗಟ್ಟಲೆ ಅಲ್ಲೇ ಉಳಿದು, ದಿನವೂ ಕಾಲ್ನಡೆಯಲ್ಲಿ ಗಸ್ತು ತಿರುಗುತ್ತಾರೆ. ಬೇಸಿಗೆಗೆ ಮುನ್ನ ಬೆಂಕಿರೇಖೆ ಕಡಿಯುವವರೂ, ಕಿಚ್ಚು ಬಿದ್ದಾಗ ಹಸಿಸೊಪ್ಪಿನಿಂದ ಬಡಿದು ಆರಿಸುವವರೂ ಅವರೇ. ಅವರಲ್ಲಿ ಅನೇಕರು ಹಾಡಿಗಳಿಂದಲೇ ಬಂದವರು. ಸ್ಯಾಂಡರ್ಸನ್ನನಿಗೆ ಹೆಜ್ಜೆ ತೋರಿಸಿದ ವಿದ್ಯೆ ಇಂದು ಹುಲಿಯನ್ನು ಕಾಯುತ್ತಿದೆ. ನಮ್ಮ ಯೋಜನೆಯಲ್ಲಿ ಇವರ ವಿಷಯ ಒಂದು ಸಾಲಾದರೂ ಇರಬೇಕು: ಯಾರ ನೆಲ, ಯಾರ ಕಾವಲು ಎಂದು ಮಕ್ಕಳಿಗೆ ಮೊದಲೇ ಹೇಳಿ ಕರೆದೊಯ್ಯಬೇಕು. ಹುಲಿ ಕಾಣದೆ ಹಿಂದಿರುಗಿದ ದಿನವೂ ಆಗ ವ್ಯರ್ಥವೆನಿಸದು.

ಅತಿಥಿಯಾಗಿ ಬಂದು ಹೋಗುವುದು ಹೇಗೆಂದು ತಿಳಿಯಬೇಕಾದವರು ಮೈಸೂರಿನ ದಸರೆಯ ಕಾಲದಲ್ಲಿ ಅರಮನೆಯ ಆವರಣವನ್ನು ನೋಡಬೇಕು. ನಾಗರಹೊಳೆಯ ಅಂಚಿನ ವೀರನಹೊಸಹಳ್ಳಿಯಲ್ಲಿ ಪೂಜೆಯಾಗಿ ಗಜಪಯಣ ಹೊರಡುತ್ತದೆ. ಆನೆಗಳ ಜೊತೆಗೆ ಮಾವುತರು, ಕಾವಾಡಿಗಳು, ಅವರ ಹೆಂಡಿರು ಮಕ್ಕಳು ಪಾತ್ರೆಪಡಗ ಕಟ್ಟಿಕೊಂಡು ಬರುತ್ತಾರೆ. ಸುಮಾರು ಎರಡು ತಿಂಗಳು ತಾತ್ಕಾಲಿಕ ಸೂರುಗಳ ಕೆಳಗೆ ಅವರ ವಾಸ. ಮಕ್ಕಳ ಓದು ನಿಲ್ಲದಿರಲೆಂದು ಅಲ್ಲೇ ಒಂದು ಟೆಂಟ್ ಶಾಲೆ. ನಮ್ಮ ಊರಿನ ನಟ್ಟನಡುವೆ ಕಾಡಿನವರು ಬೀಡು ಬಿಟ್ಟಿರುತ್ತಾರೆ. ನಮ್ಮ ಹಬ್ಬದ ಭಾರವನ್ನು ತಮ್ಮ ಆನೆಯ ಬೆನ್ನಿನ ಮೇಲೆ ಹೊತ್ತು ನಡೆಸುತ್ತಾರೆ. ವಿಜಯದಶಮಿ ಮುಗಿದ ಮೇಲೆ ಸೂರು ಬಿಚ್ಚಿ, ಗಂಟು ಕಟ್ಟಿ, ಬಂದ ದಾರಿಯಲ್ಲೇ ಹಿಂದಿರುಗುತ್ತಾರೆ.